ಕೊಪ್ಪಳದಿಂದ ಧಾರವಾಡಕ್ಕೆ: ಒಂದು ದಿನವನ್ನು ಸಾವಕಾಶವಾಗಿ ಕಳೆಯುವುದು ಹೇಗೆ

ನಮ್ಮ ಮನೆಯ ಪಡಸಾಲೆಯಲ್ಲಿ ಕಾಕಾನ ಬಿ.ಎ. ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ಗೋಡೆ ಮೇಲೆ ಕೂತಿದೆ. ಅದರ ಮೇಲೆ ಇರುವುದು ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ ಅಂತ. ಆದರೆ ಕಾಕಾ ಓದಿದ್ದು ಕೊಪ್ಪಳದಲ್ಲಿ, ಪರೀಕ್ಷೆ ಬರೆದಿದ್ದೂ ಕೊಪ್ಪಳದಲ್ಲಿ. ಡಿಗ್ರಿ ಬಂದಿದ್ದು ಅಂಚೆಯಲ್ಲಿ. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಶುರುವಾಗುವವರೆಗೂ ನಮ್ಮ ಕಡೆಯ ಕಾಲೇಜುಗಳೆಲ್ಲ ಧಾರವಾಡದ ಕೈಕೆಳಗೇ ಇದ್ದವು. ಹಾಗಾಗಿ ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಇಂಥ ಸರ್ಟಿಫಿಕೇಟು ಇದೆ, ಆ ಊರಿನ ವಿಶ್ವವಿದ್ಯಾಲಯವನ್ನು ಕಣ್ಣಾರೆ ಕಂಡವರು ಮಾತ್ರ ಕಡಿಮೆ. ಕಾಕಾನೂ ಕಂಡಿರಲಿಲ್ಲ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರನ್ನೂ ಚಿಗವ್ವನನ್ನೂ ಕರೆದುಕೊಂಡು ಹೋದೆ. ಬೆಳಗ್ಗೆ ಹೋಗಿ ರಾತ್ರಿ ಬಂದೆವು. ಯಾರಿಗೂ ಕಾಲು ನೋಯಲಿಲ್ಲ, ಯಾರ ಮೇಲೂ ಯಾರೂ ಸಿಟ್ಟಾಗಲಿಲ್ಲ. ಅದನ್ನು ಹೇಗೆ ಮಾಡಿದೆವು ಅನ್ನುವುದೇ ಇಲ್ಲಿರುವುದು.

ಮೊದಲ ಕೆಲಸ: ಪಟ್ಟಿ ಹರಿದು ಹಾಕಿ

ಇದಕ್ಕೂ ಮುಂಚೆ ನಾನೊಂದು ಸಲ ಧಾರವಾಡಕ್ಕೆ ಹೋಗಿದ್ದೆ. ಮೊಬೈಲಿನಲ್ಲಿ ನೋಡಿ ಒಂಬತ್ತು ಜಾಗಗಳ ಪಟ್ಟಿ ಮಾಡಿಕೊಂಡಿದ್ದೆ. ದಾರಿಯಲ್ಲಿ ಉಣಕಲ್ ಕೆರೆ, ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ, ನೃಪತುಂಗ ಬೆಟ್ಟ, ಆಮೇಲೆ ನುಗ್ಗಿಕೇರಿ ಹನುಮಪ್ಪ, ಸೋಮೇಶ್ವರ, ಮುರುಘಾಮಠ, ಉಳವಿ ಚನ್ನಬಸವೇಶ್ವರ ಗುಡಿ, ಹೀಗೆ. ಮಧ್ಯಾಹ್ನ ಮೂರಕ್ಕೆ ಅಕ್ಕನ ಮಗ ಆಟೋದಲ್ಲೇ ಅಳಲು ಶುರು ಮಾಡಿದ. ಮನೆಗೆ ಬಂದ ಮೇಲೆ ನೆನಪಿದ್ದದ್ದು ಆಟೋ ಸೀಟಿನ ಹರಿದ ರೆಕ್ಸಿನ್ನು ಮಾತ್ರ.

ಧಾರವಾಡ ಹಂಪಿಯ ಹಾಗಲ್ಲ. ಹಂಪಿಯಲ್ಲಿ ಕಲ್ಲೇ ನಿಮ್ಮನ್ನು ನಿಲ್ಲಿಸಿ ಮಾತಾಡಿಸುತ್ತದೆ. ಧಾರವಾಡದಲ್ಲಿ ಕಣ್ಣಿಗೆ ಹೊಡೆಯುವಂಥದ್ದು ಅಷ್ಟಿಲ್ಲ. ಕೋಟೆಯಲ್ಲಿ ಉಳಿದಿರುವುದೂ ಅಷ್ಟಕ್ಕಷ್ಟೆ. ಅದು ಮಾಸ್ತರರ ಊರು, ಪುಸ್ತಕದ ಊರು, ಹಾಡಿನ ಊರು, ಮರದ ಕೆಳಗೆ ಕಟ್ಟೆ ಇರುವ ಊರು. ಅಲ್ಲಿ ನೋಡುವುದಕ್ಕಿಂತ ಕೂಡುವುದು ಜಾಸ್ತಿ. ಆದ್ದರಿಂದ ಒಂದು ದಿನಕ್ಕೆ ನಾಲ್ಕೇ ಜಾಗ ಇಟ್ಟುಕೊಳ್ಳಿ: ವಿಶ್ವವಿದ್ಯಾಲಯ, ಕರ್ನಾಟಕ ಕಾಲೇಜು, ಸುಭಾಸ ರಸ್ತೆ, ಸಾಧನಕೇರಿ. ಪೇಡೆ ಲೆಕ್ಕಕ್ಕಿಲ್ಲ, ಅದು ಹೇಗೂ ಆಗಿಯೇ ಆಗುತ್ತದೆ. ನಾಲ್ಕರಲ್ಲೂ ಒಂದು ಬಿಟ್ಟುಹೋದರೆ ಬಿಟ್ಟುಹೋಗಲಿ.

ಯಾವ ದಿನ ಹೋಗಬೇಕು

ಭಾನುವಾರ ಬೇಡ. ಎಲ್ಲರೂ ಮಾಡುವ ತಪ್ಪು ಇದೇ. ರಜೆ ಅಂತ ನಾವು ಹೋಗುತ್ತೇವೆ, ರಜೆ ಅಂತ ಅವರು ಬಾಗಿಲು ಹಾಕಿರುತ್ತಾರೆ. ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯ, ಪುಸ್ತಕದ ಅಂಗಡಿ, ಸಂಘ-ಸಂಸ್ಥೆಯ ಕಚೇರಿ ಎಲ್ಲವೂ ಕೆಲಸದ ದಿನದ ಜಾಗಗಳು. ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ರಜೆ, ಅದೂ ಬೇಡ. ಮಂಗಳವಾರದಿಂದ ಶುಕ್ರವಾರದೊಳಗೆ ಒಂದು ದಿನ ರಜೆ ಹಾಕಿ ಹೋಗಿ. ಹುಡುಗರು ಸೈಕಲ್ಲು, ಬೈಕು ಹಿಡಿದು ಕಾಲೇಜಿಗೆ ಹೋಗುವುದನ್ನು ನೋಡದೆ ಬಂದರೆ ಆ ಊರನ್ನು ನೋಡಿದ ಹಾಗೇ ಅಲ್ಲ.

ಇನ್ನು ತಿಂಗಳು. ನಮ್ಮದು ಬಿಸಿಲ ನಾಡು. ಧಾರವಾಡ ನಮಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ, ಮಲೆನಾಡಿನ ಸೆರಗು ಹಿಡಿದು ನಿಂತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಮಳೆ. ಕೊಪ್ಪಳದಲ್ಲಿ ಮೋಡ ನೋಡಿ ಖುಷಿಪಡುವಾಗ ಅಲ್ಲಿ ಅರಿವೆ ಒಣಗಿಲ್ಲ ಅಂತ ಬೈಯುತ್ತಿರುತ್ತಾರೆ. ಮಳೆಯಲ್ಲಿ ಹೋದರೆ ಊರೆಲ್ಲ ಹಸಿರು, ಆದರೆ ಹಿರಿಯರಿಗೆ ಕಾಲು ಜಾರುವ ಭಯ. ನನ್ನ ಕೇಳಿದರೆ ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ಒಳ್ಳೆಯದು. ಮಳೆಯ ಹಸಿರು ಇನ್ನೂ ಇರುತ್ತದೆ, ಗಾಳಿ ತಣ್ಣಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಪರೀಕ್ಷೆ ಮತ್ತು ಸೂಟಿ, ಕ್ಯಾಂಪಸ್ಸು ಭಣಭಣ ಅನ್ನುತ್ತದೆ.

ಹೋಗುವ ದಾರಿ

ಕೊಪ್ಪಳದಿಂದ ಧಾರವಾಡಕ್ಕೆ ಸುಮಾರು 135 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 67, ಗದಗ ದಾಟಿ, ಅಣ್ಣಿಗೇರಿ ದಾಟಿ, ಹುಬ್ಬಳ್ಳಿ. ರೈಲೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಹೋಗುತ್ತದೆ. ಬೆಳಗ್ಗೆ ಆರಕ್ಕೆಲ್ಲ ಬಸ್ ಹತ್ತಿದರೆ ಒಂಬತ್ತೂವರೆ ಹತ್ತಕ್ಕೆ ಧಾರವಾಡದಲ್ಲಿರುತ್ತೀರಿ.

ರೈಲೋ ಬಸ್ಸೋ? ಹೋಗುವಾಗ ಬಸ್ಸು ಒಳ್ಳೆಯದು. ಬೇಗ ಹೊರಡಬಹುದು, ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ. ರೈಲು ಬೇಕೆಂದರೆ ಹಿಂದಿನ ರಾತ್ರಿಯೇ ಆ್ಯಪ್‌ನಲ್ಲಿ ಸಮಯ ನೋಡಿಕೊಳ್ಳಿ, ಹುಬ್ಬಳ್ಳಿಗೆ ಮಧ್ಯಾಹ್ನ ಮುಟ್ಟಿಸುವ ರೈಲು ಹತ್ತಿದರೆ ದಿನವೇ ಮುಗಿಯಿತು. ಬೆಳಗಾವಿ ಕಡೆಯ ಬಸ್ ಸಿಕ್ಕಿದರೆ ಹುಬ್ಬಳ್ಳಿಯಲ್ಲಿ ಇಳಿಯುವ ಕೆಲಸವೇ ಇಲ್ಲ, ಸೀದಾ ಧಾರವಾಡ. ಹತ್ತುವ ಮುಂಚೆ ಕಂಡಕ್ಟರನ್ನು "ಊರೊಳಗ ಹೊಕ್ಕತೇನ್ರೀ, ಬೈಪಾಸ್ ಮ್ಯಾಲ ಹೊಕ್ಕತೇನ್ರೀ?" ಅಂತ ಕೇಳಿಕೊಳ್ಳಿ.

ಆಧಾರ್ ಕಾರ್ಡು ಮರೆಯಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಆದರೆ ಗುರುತಿನ ಚೀಟಿ ತೋರಿಸಲೇಬೇಕು. ಹವಾನಿಯಂತ್ರಿತ ಮತ್ತು ಐಷಾರಾಮಿ ಬಸ್ಸಿಗೆ ಈ ಸೌಲಭ್ಯ ಇಲ್ಲ. 60 ದಾಟಿದ ಗಂಡಸರಿಗೂ ರಿಯಾಯಿತಿ ಉಂಟು. ಕಾಕಾ ತಮ್ಮ ರಿಯಾಯಿತಿ ಟಿಕೆಟನ್ನು ಚಿಗವ್ವನ ಶೂನ್ಯ ಟಿಕೆಟ್ ಪಕ್ಕದಲ್ಲಿ ಹಿಡಿದು, "ಇಷ್ಟು ವರ್ಷ ಆಕಿನ್ನ ನಾ ಕರಕೊಂಡು ಹೋಗ್ತಿದ್ದೆ, ಈಗ ಆಕಿ ನನ್ನ ಕರಕೊಂಡು ಹೊಂಟಾಳ" ಅಂದರು.

ದಾರಿಯಲ್ಲಿ ಆಸೆ ಬೇಡ. ಗದಗ ಬರುವ ಮುಂಚೆ ಲಕ್ಕುಂಡಿ ಬರುತ್ತದೆ. "ಒಂದ್ ಅರ್ಧ ತಾಸು ಇಳದು ಗುಡಿ ನೋಡಿ ಹೋಗೂಣು" ಅಂತ ಗಾಡಿಯಲ್ಲಿ ಯಾರಾದರೂ ಒಬ್ಬರು ಅನ್ನೇ ಅನ್ನುತ್ತಾರೆ. ಇಳಿಯಬೇಡಿ. ಲಕ್ಕುಂಡಿಗೆ ಅದರದ್ದೇ ಒಂದು ದಿನ ಕೊಡಬೇಕು, ಅರ್ಧ ತಾಸು ಕೊಡುವುದು ಅದಕ್ಕೆ ಮಾಡುವ ಅವಮಾನ. ಕಿಟಕಿಯಿಂದ ಎರೆಹೊಲ ನೋಡಿಕೊಂಡು ಹೋಗಿ ಸಾಕು. ಗದಗದ ಈಚೆಗೆ ಒಂದು ಕಾಲದಲ್ಲಿ ಗಡಿ ಇತ್ತು ಅನ್ನುವುದು ಈಗಿನ ಹುಡುಗರಿಗೆ ಗೊತ್ತಿಲ್ಲ. ನಮ್ಮದು ನಿಜಾಮರ ಹೈದರಾಬಾದ್ ಸಂಸ್ಥಾನ, ಆಚೆಯದು ಮುಂಬಯಿ ಪ್ರಾಂತ್ಯ. ನಿಜಾಮರ ಪರ ನಿಂತಿದ್ದ ರಜಾಕಾರರ ಪಡೆಯ ಹಾವಳಿಯ ದಿನಗಳಲ್ಲಿ ಅಳವಂಡಿಯ ಶಿವಮೂರ್ತಿ ಸ್ವಾಮಿಗಳು ಅದರ ವಿರುದ್ಧ ಹೋರಾಟದ ಶಿಬಿರ ಮಾಡಿದ್ದು ಗಡಿಯಾಚೆಯ ಮುಂಡರಗಿಯಲ್ಲಿ. ಬಸ್ಸು ಈಗ ಆ ಗೆರೆಯನ್ನು ಹಾರ್ನ್ ಕೂಡ ಹೊಡೆಯದೆ ದಾಟಿಹೋಗುತ್ತದೆ.

ಹುಬ್ಬಳ್ಳಿಯಲ್ಲಿ ಇಳಿದರೆ ಮುಂದಿನ 20 ಕಿಲೋಮೀಟರಿಗೆ ಚಿಗರಿ ಬಸ್ಸು. ಚಿಗರಿ ಅಂದರೆ ಜಿಂಕೆ, ಹೆಸರು ಚೆನ್ನಾಗಿದೆ ಅಲ್ವಾ. ರಸ್ತೆಯ ನಟ್ಟನಡುವೆ ಅದಕ್ಕೇ ಅಂತ ಬೇರೆ ದಾರಿ ಇದೆ. ಮೊದಲ ಸಲ ಹೋಗುವವರಿಗೆ ಎರಡು ಮಾತು. ಒಂದು, ಟಿಕೆಟನ್ನು ನಿಲ್ದಾಣದ ಕೌಂಟರಿನಲ್ಲೇ ತೆಗೆದುಕೊಳ್ಳಬೇಕು, ಬಸ್ಸಿನೊಳಗೆ ಕಂಡಕ್ಟರ್ ಬರುತ್ತಾನೆ ಅಂತ ಕಾಯಬೇಡಿ. ಎರಡು, ಕೆಲವು ಬಸ್ಸು ಎಲ್ಲ ಕಡೆ ನಿಲ್ಲುತ್ತವೆ, ಕೆಲವು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ. ಕೌಂಟರಿನಲ್ಲೇ "ಜುಬಿಲಿ ಸರ್ಕಲ್" ಅಂತ ಹೇಳಿ. ಮೊಣಕಾಲು ನೋವಿನವರಿಗೆ ಇದರಷ್ಟು ಒಳ್ಳೆಯ ಬಸ್ಸು ಇನ್ನೊಂದಿಲ್ಲ. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟ, ಮೆಟ್ಟಿಲೇ ಇಲ್ಲ. ಚಿಗವ್ವ ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದ ಹಾಗೆ ಹೋಗಿ ಕೂತರು.

ರೈಲಿನಲ್ಲಿ ಬಂದವರಿಗೆ ಒಂದು ಎಚ್ಚರಿಕೆ. ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಹಿರಿಯರಿದ್ದರೆ ನಡುವಿನ ಬೋಗಿಯಲ್ಲಿ ಸೀಟು ಹಿಡಿಯಿರಿ. ಇಲ್ಲದಿದ್ದರೆ ಧಾರವಾಡದ ವಾಕಿಂಗ್ ಹುಬ್ಬಳ್ಳಿಯಲ್ಲೇ ಮುಗಿಯುತ್ತದೆ.

ಹತ್ತು ಗಂಟೆ: ವಿಶ್ವವಿದ್ಯಾಲಯ

ಜುಬಿಲಿ ಸರ್ಕಲ್‌ನಲ್ಲಿ ಇಳಿದು ಮೊದಲು ಚಹಾ ಕುಡಿಯಿರಿ. ಗಡಿಬಿಡಿ ಏನಿಲ್ಲ. ಆಮೇಲೆ ಆಟೋ ಹಿಡಿದು ವಿಶ್ವವಿದ್ಯಾಲಯ. ದರವನ್ನು ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ನಮ್ಮ ಆಟೋದವನು ಚಿಗವ್ವನನ್ನು ನೋಡಿ "ಯವ್ವಾ, ಸಾವಕಾಶ ಹತ್ತ್ರೀ, ಅಲ್ಲೇನ್ ಓಡಿ ಹೋಗೂದಿಲ್ಲ" ಅಂದ. ಇಡೀ ದಿನಕ್ಕೆ ಅದೇ ನಮ್ಮ ಮಂತ್ರ ಆಯಿತು.

ಬೆಳಗ್ಗೆಯೇ ಇಲ್ಲಿಗೆ ಬರಬೇಕು ಅನ್ನುವುದಕ್ಕೆ ಕಾರಣ ಇದೆ. ಕ್ಯಾಂಪಸ್ಸು ಇರುವುದು ಗುಡ್ಡದ ಮೇಲೆ, ಅದನ್ನು ಛೋಟಾ ಮಹಾಬಳೇಶ್ವರ ಅನ್ನುತ್ತಿದ್ದರು. ನೂರಾರು ಎಕರೆ, ದಾರಿಯ ಎರಡೂ ಕಡೆ ಮರ. ಹತ್ತರ ಹೊತ್ತಿಗೆ ನೆರಳು ಇನ್ನೂ ಉದ್ದಕ್ಕೆ ಬಿದ್ದಿರುತ್ತದೆ, ಹುಡುಗರು ತರಗತಿಗೆ ಹೋಗುತ್ತಿರುತ್ತಾರೆ.

ಈ ವಿಶ್ವವಿದ್ಯಾಲಯ ಹುಟ್ಟಿದ್ದು ಧಾರವಾಡದಲ್ಲಲ್ಲ, ಮುಂಬಯಿಯಲ್ಲಿ. 1949ರಲ್ಲಿ ಅಲ್ಲಿ ಶುರುವಾಗಿ, 1950ರಲ್ಲಿ ಧಾರವಾಡಕ್ಕೆ ಬಂತು. ಇವತ್ತು ಕಾಣುವ ರೂಪ ಬಂದಿದ್ದು ಡಿ.ಸಿ. ಪಾವಟೆ ಅವರ ಕಾಲದಲ್ಲಿ. ಕೇಂಬ್ರಿಜ್ಜಿನಲ್ಲಿ ಗಣಿತ ಓದಿ ಬಂದವರು, 1954ರಿಂದ 1967ರವರೆಗೆ ಕುಲಪತಿ, ಆಮೇಲೆ ಪಂಜಾಬಿನ ರಾಜ್ಯಪಾಲರಾದರು. ಕ್ಯಾಂಪಸ್ಸಿಗೆ ಪಾವಟೆ ನಗರ ಅಂತಲೇ ಹೆಸರು.

ಮುಖ್ಯ ಕಟ್ಟಡದ ಎದುರು ಆಟೋ ನಿಂತಾಗ ಕಾಕಾ ಇಳಿಯಲಿಲ್ಲ. ಸ್ವಲ್ಪ ಹೊತ್ತು ಒಳಗಿಂದಲೇ ನೋಡಿದರು. "ಇದನ ಏನು?" ಅಂದರು. ಹೌದು ಅಂದೆ. ಇಳಿದು ಅಂಗಿ ಎಳೆದು ಸರಿ ಮಾಡಿಕೊಂಡರು, ಸಂದರ್ಶನಕ್ಕೆ ಬಂದವರ ಹಾಗೆ. ಐವತ್ತು ವರ್ಷದ ಹಿಂದೆ ಫೀ ಕಟ್ಟಿದ್ದು, ನಂಬರು ಬಂದಿದ್ದು, ಒಂದು ಪೇಪರಿನಲ್ಲಿ ಕಡಿಮೆ ಬಿತ್ತು ಅಂತ ಮರುಎಣಿಕೆಗೆ ಹಾಕಿದ್ದು, ಎಲ್ಲ ಅಲ್ಲೇ ಮರದ ಕೆಳಗೆ ನಿಂತು ಹೇಳಿದರು. ಹಿರಿಯರನ್ನು ಕರೆದುಕೊಂಡು ಹೋದರೆ ಇಲ್ಲಿ ಅರ್ಧ ತಾಸು ಸುಮ್ನೆ ಬಿಟ್ಟುಬಿಡಿ. ನೀವು ಏನೂ ವಿವರಿಸಬೇಕಿಲ್ಲ, ಅವರೇ ಹೇಳುತ್ತಾರೆ.

ಒಂದು ಶಿಸ್ತು: ಇದು ಪಾಠ ನಡೆಯುವ ಜಾಗ. ತರಗತಿಯ ಕಿಟಕಿಯಲ್ಲಿ ಇಣುಕಿ ಫೋಟೋ ತೆಗೆಯಬೇಡಿ, ಗೇಟಿನಲ್ಲಿ ಕೇಳಿದರೆ ನೋಡಲು ಬಂದಿದ್ದೇವೆ ಅಂತ ಸರಳವಾಗಿ ಹೇಳಿ, ಗುರುತಿನ ಚೀಟಿ ತೋರಿಸಿ.

ವೀರಗಲ್ಲು ಓದುವುದನ್ನು ಇಲ್ಲಿ ಕಲಿಯಿರಿ

ಕ್ಯಾಂಪಸ್ಸಿನಲ್ಲಿ ಬಿಡಲೇಬಾರದ್ದು ಕನ್ನಡ ಸಂಶೋಧನ ಸಂಸ್ಥೆ. 1939ರಲ್ಲಿ ಮುಂಬಯಿ ಸರ್ಕಾರ ಶುರು ಮಾಡಿದ್ದು, ಆಮೇಲೆ ವಿಶ್ವವಿದ್ಯಾಲಯದ ಮಡಿಲಿಗೆ ಬಂತು. ಅದರ ವಸ್ತುಸಂಗ್ರಹಾಲಯದಲ್ಲಿ ಈ ಭಾಗದ ಊರುಗಳಿಂದ ತಂದ ಶಿಲ್ಪ, ಶಾಸನ, ಸ್ಮಾರಕದ ಕಲ್ಲುಗಳಿವೆ. ಎಲ್ಲವನ್ನೂ ನೋಡಲು ಹೋದರೆ ಕಲ್ಲೆಲ್ಲ ಒಂದೇ ಥರ ಕಾಣಲು ಶುರುವಾಗುತ್ತದೆ. ಒಂದೇ ಒಂದು ವೀರಗಲ್ಲಿನ ಮುಂದೆ ಹತ್ತು ನಿಮಿಷ ನಿಲ್ಲಿ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ನಾವು ಪುಸ್ತಕ ಓದಿ ರೂಢಿ ಆದವರು, ಮೇಲಿನಿಂದ ನೋಡಿ ತಲೆಬುಡ ತಿಳಿಯದೆ ಮುಂದೆ ಹೋಗಿಬಿಡುತ್ತೇವೆ. ಕಲ್ಲು ಸಾಮಾನ್ಯವಾಗಿ ಮೂರು ಅಂಕಣ ಇರುತ್ತದೆ. ತಳದ ಅಂಕಣದಲ್ಲಿ ಜಗಳ: ಬಿಲ್ಲು, ಕತ್ತಿ, ಕುದುರೆ. ಪಕ್ಕದಲ್ಲಿ ದನಗಳಿದ್ದರೆ ಅದು ತುರುಗೋಳು, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆಯಲು ಹೋಗಿ ಸತ್ತವನು. ನಡುವಿನ ಅಂಕಣದಲ್ಲಿ ಅದೇ ಮನುಷ್ಯ, ಈಗ ಕೈಯಲ್ಲಿ ಆಯುಧ ಇಲ್ಲ. ಎರಡೂ ಕಡೆ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಮೇಲಿನ ಅಂಕಣದಲ್ಲಿ ಲಿಂಗ, ಪೂಜಾರಿ, ಮುಂದೆ ಕೈಮುಗಿದು ಕೂತ ಅವನೇ. ತುತ್ತತುದಿಗೆ ಸೂರ್ಯ, ಚಂದ್ರ. ಅವೆರಡು ಇರುವವರೆಗೆ ಇವನ ಹೆಸರು ಇರಲಿ ಅಂತ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಅಕ್ಷರ ಇದ್ದರೆ ಅದು ಹೆಸರು, ಊರು, ರಾಜ, ತಿಥಿ.

ಇದನ್ನು ಒಮ್ಮೆ ಕಲಿತರೆ ಆಮೇಲೆ ಯಾವ ಹಳ್ಳಿಯ ಹನುಮಪ್ಪನ ಗುಡಿ ಮುಂದೆ ನಿಂತರೂ ಕಲ್ಲು ಮಾತಾಡುತ್ತದೆ. ಚಿಗವ್ವ ತಮ್ಮ ತವರೂರ ಗುಡಿಯ ಮಗ್ಗುಲಲ್ಲಿ ಇಂಥದ್ದೇ ಒಂದು ಕಲ್ಲಿದೆ, ಅದರ ಮೇಲೆ ಅರಿವೆ ಒಗೆಯುತ್ತಿದ್ದೆವು ಅಂದರು. ಹೇಳಿ ಸುಮ್ಮನಾದರು. ನಮ್ಮ ಗವಿಮಠದ ಬೆಟ್ಟದ ಮೇಲೆ ಅಶೋಕನ ಶಾಸನವೇ ಇದೆ, ಪಾಲ್ಕಿಗುಂಡಿನಲ್ಲಿ ಇನ್ನೊಂದು. ಎರಡೂ ಬೆಳಕಿಗೆ ಬಂದಿದ್ದು 1931ರಲ್ಲಿ. ಜಾತ್ರೆಗೆ ಲಕ್ಷ ಜನ ಬರುತ್ತಾರೆ, ಅದನ್ನು ನೋಡಲು ಮೇಲೆ ಹತ್ತುವವರು ಎಷ್ಟು ಮಂದಿ?

ಕರ್ನಾಟಕ ಕಾಲೇಜು: ರೈಲಿನ ಕಚೇರಿಯಲ್ಲಿ ಪಾಠ

ಹನ್ನೆರಡರ ಹೊತ್ತಿಗೆ ಗುಡ್ಡ ಇಳಿದು ಕರ್ನಾಟಕ ಕಾಲೇಜಿಗೆ ಬನ್ನಿ. ಇದು ಶುರುವಾಗಿದ್ದು 1917ರಲ್ಲಿ. ಅದಕ್ಕೂ ಮುಂಚೆ ಈ ಕಡೆಯ ಹುಡುಗರು ಡಿಗ್ರಿ ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು, ಹೋಗಿ ಮರಾಠಿಯಲ್ಲಿ ಬದುಕಬೇಕಿತ್ತು. ನಮ್ಮ ನಿಜಾಮರ ಕಡೆಯವರ ಪಾಡು ಬೇರೆ. ಹೈದರಾಬಾದಿಗೆ ಹೋಗಿ ಉರ್ದುವಿನಲ್ಲಿ ಓದಬೇಕಿತ್ತು.

ಕಟ್ಟಡ ನೋಡಿದರೆ ಕಾಲೇಜಿನ ಥರ ಕಾಣುವುದಿಲ್ಲ, ಯಾವುದೋ ದೊಡ್ಡ ಕಚೇರಿಯ ಥರ ಕಾಣುತ್ತದೆ. ಕಾರಣ ಅದು ನಿಜವಾಗಿಯೂ ಕಚೇರಿಯೇ ಆಗಿತ್ತು. ಸದರ್ನ್ ಮರಾಠಾ ರೈಲ್ವೆಯವರ ಮುಖ್ಯ ಕಚೇರಿ. ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆಯ ಹಳಿ ಹಾಕಿದ ಕಂಪನಿ ಅದೇ. ನೀವು ರೈಲಿನಲ್ಲಿ ಬಂದಿದ್ದರೆ, ಯಾವ ಹಳಿ ಮೇಲೆ ಬಂದಿರೋ ಅದರ ಲೆಕ್ಕಪತ್ರ ಬರೆಯುತ್ತಿದ್ದ ಮನೆಯ ಮುಂದೆಯೇ ನಿಂತಿರುತ್ತೀರಿ. ವಿ.ಕೃ. ಗೋಕಾಕರು ಓದಿದ್ದು ಇಲ್ಲಿ, ಗಿರೀಶ ಕಾರ್ನಾಡರೂ ಇಲ್ಲೇ. ಇಬ್ಬರಿಗೂ ಜ್ಞಾನಪೀಠ ಬಂತು. ಕಾಲೇಜಿನ ಆವರಣವನ್ನು ಒಂದು ಸುತ್ತು ಹಾಕಿ, ಕಟ್ಟೆ ಸಿಕ್ಕಲ್ಲಿ ಕೂತು, ಹೊರಡಿ. ಇಪ್ಪತ್ತು ನಿಮಿಷ ಸಾಕು.

ಊಟ

ಖಾನಾವಳಿಗೆ ಹೋಗಿ. ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಲೆ, ಶೇಂಗಾ ಚಟ್ನಿ, ಮೊಸರು. ಇದೆಲ್ಲ ನಮ್ಮ ಕಡೆಯೂ ಸಿಗುತ್ತದೆ, ಇಲ್ಲಿಯವರೆಗೆ ಬಂದು ಅದನ್ನೇ ತಿನ್ನಬೇಕಾ ಅಂತ ಅನ್ನಿಸಬಹುದು. ತಿನ್ನಿ. ಹೊಸ ಊರಿನಲ್ಲಿ ಹೊಟ್ಟೆ ಕೆಡಿಸಿಕೊಂಡರೆ ಸಾವಕಾಶ ಎಲ್ಲಿಂದ ಬಂತು? ಖಾರ ತಿನ್ನುವವರು, ಮಾಂಸ ತಿನ್ನುವವರು ಸಾವಜಿ ಹೋಟೆಲಿಗೆ ಹೋಗಬಹುದು, ಆದರೆ ಆ ಎಣ್ಣೆ-ಖಾರದ ಮೇಲೆ ಮಧ್ಯಾಹ್ನ ನಡೆದಾಡುವ ಧೈರ್ಯ ಇರಬೇಕು. ಒಂದು ಗಂಟೆಗೆ ಮುಂಚೆ ಹೋದರೆ ಜಾಗ ಸಿಗುತ್ತದೆ. ಊಟ ಆದ ಮೇಲೆ ಅರ್ಧ ತಾಸು ಎಲ್ಲಿಯೂ ಹೋಗಬೇಡಿ.

ಸಂಜೆ ತಿಂಡಿಗೆ ಗಿರಮಿಟ್ ಇದೆ. ನಮ್ಮ ವಗ್ಗರಣಿಗೂ ಇದಕ್ಕೂ ವ್ಯತ್ಯಾಸ ಏನು ಅಂತ ಕೇಳುವವರಿದ್ದಾರೆ. ನಾವು ಮಂಡಕ್ಕಿಯನ್ನು ನೀರಿನಲ್ಲಿ ತೋಯಿಸಿ, ಹಿಂಡಿ, ಒಗ್ಗರಣೆಗೆ ಹಾಕುತ್ತೇವೆ. ಮೆತ್ತಗೆ, ಬಿಸಿಯಾಗಿರುತ್ತದೆ. ಅವರು ಒಣ ಚುರುಮುರಿಗೇ ಉಳ್ಳಾಗಡ್ಡಿ, ಹುಣಸೆಹುಳಿಯ ಮಸಾಲೆ ಕಲಸಿ ಕೊಡುತ್ತಾರೆ. ಕೊಟ್ಟ ತಕ್ಷಣ ತಿನ್ನದಿದ್ದರೆ ಮೆತ್ತಗಾಗಿ ಕೆಡುತ್ತದೆ. ಪಕ್ಕದಲ್ಲಿ ಮಿರ್ಚಿ ಎರಡೂ ಕಡೆ ಒಂದೇ. ನನ್ನ ಮತ ವಗ್ಗರಣಿಗೇ.

ಸುಭಾಸ ರಸ್ತೆ: ಪುಸ್ತಕಕ್ಕೆ ಒಂದು ತಾಸು

ಮಧ್ಯಾಹ್ನ ಎರಡೂವರೆ ಮೂರರ ಬಿಸಿಲಿಗೆ ಸರಿಯಾದ ಜಾಗ ಪುಸ್ತಕದಂಗಡಿ. ಸುಭಾಸ ರಸ್ತೆ ಪೇಟೆಯ ನಡುವೆಯೇ ಇದೆ. ಇಲ್ಲಿಯ ಮನೋಹರ ಗ್ರಂಥಮಾಲೆ ಅನ್ನುವ ಪುಸ್ತಕ ಪ್ರಕಾಶನ 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ್ದು. ಮಹಡಿಯ ಮೇಲಿನ ಆ ಜಾಗಕ್ಕೆ ಧಾರವಾಡದ ಮಂದಿ ಅಟ್ಟ ಅನ್ನುತ್ತಾರೆ. ಬರೆಯುವವರು ಬಂದು ಕೂತು, ಚಹಾ ಕುಡಿದು, ಜಗಳವಾಡಿ, ಮತ್ತೆ ಮರುದಿನ ಬಂದು ಕೂಡುತ್ತಿದ್ದ ಜಾಗ. ಊರಿನಲ್ಲಿ ಪುಸ್ತಕದ ಅಂಗಡಿಗಳು ಇನ್ನೂ ಇವೆ, ಹುಡುಕಿದರೆ ಕೊಪ್ಪಳದಲ್ಲಿ ಸಿಗದ ಪುಸ್ತಕ ಸಿಗುತ್ತದೆ. ಒಂದು ಉಪಾಯ: ಮೊದಲೇ ಎರಡು ಪುಸ್ತಕದ ಹೆಸರು ಬರೆದುಕೊಂಡು ಹೋಗಿ. ಸುಮ್ನೆ "ಏನ್ ಐತಿ ತೋರಿಸ್ರೀ" ಅಂದರೆ ಅಂಗಡಿಯವರು ಮುಖ ನೋಡುತ್ತಾರೆ.

ಹುಮ್ಮಸ್ಸು ಉಳಿದಿದ್ದರೆ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೂ ಹೋಗಿ ಬನ್ನಿ. 1890ರ ಜುಲೈ 20ರಂದು ಹುಟ್ಟಿದ ಸಂಘ. ಕನ್ನಡ ಶಾಲೆಗೂ ಕನ್ನಡ ಪುಸ್ತಕಕ್ಕೂ ಗತಿಯಿಲ್ಲದ ಕಾಲದಲ್ಲಿ ರಾ.ಹ. ದೇಶಪಾಂಡೆ ಅವರು ಮುಂದೆ ನಿಂತು ಕಟ್ಟಿದ್ದು. ಎಲ್ಲ ಕನ್ನಡ ಸಭೆಯಲ್ಲಿ ಕೂಗುವ "ಸಿರಿಗನ್ನಡಂ ಗೆಲ್ಗೆ" ಅವರದ್ದೇ. ಸಂಜೆ ಏನಾದರೂ ಕಾರ್ಯಕ್ರಮ ಇದ್ದರೆ ಬಾಗಿಲ ಹತ್ತಿರ ಬರೆದಿರುತ್ತಾರೆ. ನಾವು ಹೋದ ದಿನ ಒಳಗೆ ಯಾರೋ ಮೈಕ್ ಪರೀಕ್ಷೆ ಮಾಡುತ್ತಿದ್ದರು, ಒಂದು ಎರಡು ಮೂರು ಅಂತ ಅಷ್ಟೆ, ಕಾರ್ಯಕ್ರಮಕ್ಕೆ ಕಾಯುವಷ್ಟು ಹೊತ್ತಿರಲಿಲ್ಲ.

ನಾಲ್ಕು ಗಂಟೆ: ಸಾಧನಕೇರಿ

ಬೇಂದ್ರೆಯವರ ಮನೆ ಇರುವುದು ಸಾಧನಕೇರಿಯಲ್ಲಿ. ಕೇರಿ ಅಂದರೆ ಇಲ್ಲಿ ಓಣಿಯಲ್ಲ, ಕೆರೆ. ಸಾಧನಕೇರಿ ಅಂತ ಹೇಳಿದರೆ ಯಾವ ಆಟೋದವನೂ ದಾರಿ ಕೇಳುವುದಿಲ್ಲ. ಮನೆಯ ಹತ್ತಿರವೇ ಅವರ ಹೆಸರಿನ ಭವನ ಇದೆ, ಅಲ್ಲಿ ಅವರ ಫೋಟೋಗಳೂ ವಸ್ತುಗಳೂ ಇವೆ. ಬೇಂದ್ರೆ ಹುಟ್ಟಿದ್ದು 1896ರ ಜನವರಿ 31ರಂದು, ಇದೇ ಧಾರವಾಡದಲ್ಲಿ. ತೀರಿಕೊಂಡಿದ್ದು 1981ರಲ್ಲಿ. 1973ರ ಜ್ಞಾನಪೀಠ 'ನಾಕುತಂತಿ'ಗೆ ಬಂತು.

ಭವನ ನೋಡಲು ಅರ್ಧ ತಾಸು ಬೇಕಾಗಬಹುದು. ಆಮೇಲೆ ಕೆರೆಯ ಹತ್ತಿರ ಬನ್ನಿ. ನಿಜ ಹೇಳಬೇಕೆಂದರೆ ಇಡೀ ದಿನ ನಾನು ಸಮಯ ಉಳಿಸಿದ್ದು ಈ ಒಂದು ತಾಸಿಗೇ. ಸಂಜೆ ಆಗುತ್ತಿದ್ದ ಹಾಗೆ ಊರಿನವರು ಒಬ್ಬೊಬ್ಬರೇ ನಡೆಯಲು ಬರುತ್ತಾರೆ. ರಿಟೈರಾದ ಮಾಸ್ತರರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು, ಮೊಮ್ಮಗುವಿನ ಕೈ ಹಿಡಿದ ಅಜ್ಜಿಯಂದಿರು. ಆ ಓದುವ ಹುಡುಗರಲ್ಲಿ ನಮ್ಮ ಕಡೆಯವರು ಬಹಳ. ಕುಷ್ಟಗಿ, ಯಲಬುರ್ಗಾ, ಸಿಂಧನೂರು, ಲಿಂಗಸುಗೂರು. ನಮ್ಮ ಪಕ್ಕದ ಕಲ್ಲಿನ ಮೇಲೆ ಕೂತಿದ್ದ ಒಬ್ಬ ಹುಡುಗ ಕಾಕಾನ ಮಾತು ಕೇಳಿ ತಿರುಗಿ, "ಯಾವೂರ್ರೀ ಅಜ್ಜಾರ, ಕೊಪ್ಪಳ ಏನ್ರೀ?" ಅಂದ. ಅವನದು ಕನಕಗಿರಿ ಹತ್ತಿರದ ಹಳ್ಳಿ. ಪಿ.ಎಸ್.ಐ. ಪರೀಕ್ಷೆಗೆ ಓದುತ್ತಿದ್ದ, ಎರಡನೇ ಸಲ. ಕಾಕಾ ತಮ್ಮ ಸರ್ಟಿಫಿಕೇಟಿನ ಕತೆಯನ್ನು ಮತ್ತೆ ಮೊದಲಿನಿಂದ ಹೇಳಿದರು. ಅವನು ಪೂರ್ತಿ ಕೇಳಿದ. ಮರುಎಣಿಕೆಯಲ್ಲಿ ಎಷ್ಟು ನಂಬರು ಏರಿತು ಅಂತಲೂ ಕೇಳಿದ. ನಾಲ್ಕು ಅಂತೆ. ಅದನ್ನು ನಾನು ಮನೆಯಲ್ಲಿ ಯಾವತ್ತೂ ಕೇಳಿರಲಿಲ್ಲ.

ಇಲ್ಲಿ ಮಾಡಬೇಕಾದ್ದು ಏನೂ ಇಲ್ಲ. ಮೊಬೈಲು ಚೀಲಕ್ಕೆ ಹಾಕಿ. ಹಾಡು ಇಷ್ಟ ಇರುವವರು ಮಾತ್ರ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮಲ್ಲಿಕಾರ್ಜುನ ಮನಸೂರರ ಒಂದು ವಚನ ಕೇಳಬಹುದು. ಅವರೂ ಇದೇ ಊರಿನಲ್ಲಿ ಇದ್ದವರು, ಅವರ ಮನೆ ಈಗ ಸ್ಮಾರಕ. ಅದನ್ನು ನೋಡಲು ಇನ್ನೊಂದು ಸಲ ಬಂದರಾಯಿತು.

ಪೇಡೆ ತರುವ ಕ್ರಮ

ಪೇಡೆಗೆ ಲೈನ್ ಬಜಾರ್. ಹೆಸರಾಂತ ಅಂಗಡಿಯ ಮುಂದೆ ಸಾಲು ಇರುತ್ತದೆ, ಮಾಲು ಮುಗಿದುಹೋಗುವುದೂ ಉಂಟು. ಅಲ್ಲಿಯದ್ದೇ ಬೇಕು ಅನ್ನುವವರು ಸಂಜೆಗೆ ಅಂತ ಉಳಿಸಿಕೊಳ್ಳದೆ ಬೆಳಗ್ಗೆ ಇಳಿದ ತಕ್ಷಣವೇ ಹೋಗಿ ಒಯ್ಯಬೇಕು. ನನಗೆ ಆ ಹಟ ಇಲ್ಲ.

ಇದನ್ನು ಧಾರವಾಡಕ್ಕೆ ತಂದವರು ಕನ್ನಡದವರಲ್ಲ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗ್ ಕಾಲದಲ್ಲಿ ಗುಳೆ ಬಂದ ಠಾಕೂರ್ ಮನೆತನದವರು. ಈಗ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಗುರುತೂ ಇದೆ. ಬೇರೆ ಪೇಡೆಗೂ ಇದಕ್ಕೂ ಇರುವ ವ್ಯತ್ಯಾಸ ಬಣ್ಣದಲ್ಲೇ ಗೊತ್ತಾಗುತ್ತದೆ. ಖೋವಾವನ್ನು ಸಕ್ಕರೆ ಜೊತೆ ಕಂದು ಬಣ್ಣ ಬರುವವರೆಗೆ ಹುರಿಯುತ್ತಾರೆ, ಬಿಡದೆ ಕೈಯಾಡಿಸುತ್ತಾ. ಆಮೇಲೆ ಉಂಡೆ ಮಾಡಿ ಸಕ್ಕರೆಪುಡಿಯಲ್ಲಿ ಹೊರಳಿಸುತ್ತಾರೆ. ಕೊಳ್ಳುವ ಮುಂಚೆ ಒಂದನ್ನು ಮುರಿದು ನೋಡಿ. ಒಳ್ಳೆಯದಾದರೆ ಮುರಿದ ಕಡೆ ಸಣ್ಣ ರವೆ ಕಾಣುತ್ತದೆ, ಬೆರಳಿಗೆ ತುಪ್ಪದ ಪಸೆ ಹತ್ತುತ್ತದೆ, ಜಿಗಿಯಾಗಿ ಎಳೆಯುವುದಿಲ್ಲ. ಬಾಯಿಗೆ ಹಾಕಿದರೆ ಮೊದಲು ಪುಡಿ ಸಕ್ಕರೆ, ಆಮೇಲೆ ಸೀದು ಹೋಗುವ ಒಂದು ಕ್ಷಣ ಮುಂಚೆ ಇಳಿಸಿದ ಹಾಲಿನ ರುಚಿ. ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಡಿ, ಬೆವರುತ್ತದೆ. ಅರಿವೆಯ ಚೀಲ ಒಳ್ಳೆಯದು. ಕಾಲು ಕೆಜಿಯ ಡಬ್ಬಿಗಳನ್ನೇ ಒಯ್ಯಿರಿ, ಒಂದು ಕೆಜಿಯ ಡಬ್ಬಿ ಒಮ್ಮೆ ಬಿಚ್ಚಿದರೆ ಹಂಚಲು ಏನೂ ಉಳಿಯುವುದಿಲ್ಲ.

ವಾಪಸು

ಸಂಜೆ ಆರಕ್ಕೆ ಜುಬಿಲಿ ಸರ್ಕಲ್‌ನಿಂದ ಚಿಗರಿ ಹತ್ತಿ. ಆ ಹೊತ್ತಿಗೆ ಕಾಲೇಜು, ಕಚೇರಿ ಬಿಟ್ಟ ಮಂದಿ ತುಂಬಿರುತ್ತಾರೆ. ಹಿರಿಯರಿದ್ದರೆ ಒಂದು ಬಸ್ಸು ಬಿಟ್ಟು ಮುಂದಿನದಕ್ಕೆ ಹತ್ತಿ, ತಪ್ಪೇನಿಲ್ಲ. ಹುಬ್ಬಳ್ಳಿಯಿಂದ ಕೊಪ್ಪಳ, ಹೊಸಪೇಟೆ, ಬಳ್ಳಾರಿ, ಗಂಗಾವತಿ ಕಡೆಯ ಬಸ್ಸು ಯಾವುದಾದರೂ ಸರಿ, ನಮ್ಮೂರು ದಾಟಿಯೇ ಹೋಗುತ್ತದೆ. ಹತ್ತುವಾಗ ಮಾತ್ರ "ಕೊಪ್ಪಳ ಬಸ್‌ಸ್ಟ್ಯಾಂಡ್ ಒಳಗ ಹೊಕ್ಕತೇನ್ರೀ?" ಅಂತ ಕೇಳಿ, ಇಲ್ಲದಿದ್ದರೆ ರಾತ್ರಿ ಹತ್ತಕ್ಕೆ ಹೈವೇ ಮೇಲೆ ಇಳಿದು ಆಟೋ ಹುಡುಕಬೇಕಾಗುತ್ತದೆ. ರಾತ್ರಿಯ ಗಾಳಿ ತಂಪಿರುತ್ತದೆ, ಚಿಗವ್ವನಂಥವರಿಗೆ ಒಂದು ಶಾಲು ಚೀಲದ ಮೇಲ್ಗಡೆಯೇ ಇಟ್ಟಿರಿ. ನಾನು ತಳದಲ್ಲಿ ಇಟ್ಟಿದ್ದೆ, ಪುಸ್ತಕ, ಛತ್ರಿ, ನೀರಿನ ಬಾಟಲಿ ಎಲ್ಲ ಹೊರಗೆ ತೆಗೆಯಬೇಕಾಯಿತು.

ಗದಗ ದಾಟುವಷ್ಟರಲ್ಲಿ ಕಾಕಾ ಒಂದು ಡಬ್ಬಿ ಬಿಚ್ಚಿದ್ದರು. ಕಂಡಕ್ಟರಿಗೂ ಒಂದು ಕೊಟ್ಟರು. ಮರುದಿನ ಬೆಳಗ್ಗೆ ನೋಡಿದರೆ, ಪಡಸಾಲೆಯಲ್ಲಿ ಸ್ಟೂಲು ಹಾಕಿಕೊಂಡು ನಿಂತು ಸರ್ಟಿಫಿಕೇಟಿನ ಗಾಜು ಒರೆಸುತ್ತಿದ್ದರು.